ಗೇರ್‌ಬಾಕ್ಸ್ ಕಂಪನದ ಡೇಟಾಗೆ ಸೂಪರ್‌ಕಂಪ್ಯೂಟರ್ ಬೇಕಾ?

ಏಳನೇ ಸೆಮಿಸ್ಟರ್:
ಮೆಕ್ಯಾನಿಕಲ್ ಓದುತ್ತಿದ್ದೇನೆ. ಹೆಲಿಕಾಪ್ಟರ್ ಗೇರ್‌ಬಾಕ್ಸ್‌ನ ಕಂಪನ ನೋಡಿ ಯಾವ ಗೇರ್ ಹಾಳಾಗುತ್ತಿದೆ ಅಂತ ಹೇಳುವುದು ನಮ್ಮ ಪ್ರಾಜೆಕ್ಟ್. ಸಿಕ್ಕಿರುವುದು ಒಂದು ನಿಮಿಷದ ರೆಕಾರ್ಡಿಂಗ್, ಸೆಕೆಂಡಿಗೆ 20,000 ಸ್ಯಾಂಪಲ್. ಐಐಎಸ್‌ಸಿಯ ಪರಮ್ ಪ್ರವೇಗದಂಥ 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ) ಯಂತ್ರ ಸಿಗದೆ ಇದು ಆಗುವುದೇ ಇಲ್ಲ ಅಂತ ನನ್ನ ಪ್ರಾಜೆಕ್ಟ್ ಜೊತೆಗಾರ ಹಟ ಹಿಡಿದು ಕೂತಿದ್ದಾನೆ. ನಿಜಾನಾ?

ಕ್ಲಸ್ಟರ್ ಕಾಯುವವ:
ಲೆಕ್ಕ ಹಾಕಿ, ಬರೀ 12 ಲಕ್ಷ ಸಂಖ್ಯೆ. ನಿಮ್ಮ ಲ್ಯಾಪ್‌ಟಾಪ್ ಚಿಟಿಕೆ ಹೊಡೆಯುವಷ್ಟರಲ್ಲಿ ಎಫ್‌ಎಫ್‌ಟಿ (ಕಂಪನದಲ್ಲಿ ಯಾವ ಯಾವ ಆವರ್ತನ ಎಷ್ಟೆಷ್ಟು ಇದೆ ಅಂತ ಬಿಡಿಸುವ ಲೆಕ್ಕ) ಮುಗಿಸುತ್ತದೆ.

ಪೆಟಾಫ್ಲಾಪ್ ಅಂಕಿಗೂ ಸುಮ್ನೆ ಮರುಳಾಗಬೇಡಿ. ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿ 1993ರಿಂದ ಲಿನ್‌ಪ್ಯಾಕ್ ಪರೀಕ್ಷೆಯನ್ನೇ ನೆಚ್ಚಿಕೊಂಡಿದೆ. ಅದು ದೊಡ್ಡದೊಂದು ಸಮೀಕರಣಗಳ ಗುಂಪನ್ನು ಬಿಡಿಸುವ ಕೆಲಸ, ಒಮ್ಮೆ ತಂದ ಡೇಟಾ ಮೇಲೆ ಮತ್ತೆ ಮತ್ತೆ ಲೆಕ್ಕ ನಡೆಯುತ್ತದೆ, ಪ್ರೊಸೆಸರ್‌ಗೆ ಪುರುಸೊತ್ತೇ ಇರುವುದಿಲ್ಲ. ದೊಡ್ಡ ಎಫ್‌ಎಫ್‌ಟಿ ಹಾಗಲ್ಲ, ಡೇಟಾ ಬರಲಿ ಅಂತ ಕಾಯುವುದೇ ಜಾಸ್ತಿ. ಜಪಾನಿನ ಫುಗಾಕು ಲಿನ್‌ಪ್ಯಾಕ್‌ನಲ್ಲಿ 442 ಪೆಟಾಫ್ಲಾಪ್ ತೋರಿಸಿತು. ಮೆಮೊರಿಯನ್ನು ಹಿಂಡುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ? ಬರೀ 16. ಅದೇ ಯಂತ್ರ!

ಹ್ಯಾಂಗರ್ ಪಕ್ಕದವನು:
ವೇಗ ಬಿಡಿ ತಮ್ಮಾ, ಟ್ಯಾಕೋ ಸಿಗ್ನಲ್ ಇದೆಯಾ? ಶಾಫ್ಟ್ ಒಂದು ಸುತ್ತು ಹಾಕಿದಾಗಲೆಲ್ಲ ಬರುವ ಪಲ್ಸ್ ಅದು. ಅದನ್ನು ಹಿಡಿದು ನೂರಾರು ಸುತ್ತುಗಳ ಕಂಪನವನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ, ಆ ಶಾಫ್ಟ್‌ಗೆ ಸಂಬಂಧವಿಲ್ಲದ ಗದ್ದಲವೆಲ್ಲ ಕರಗಿ ಅದರ ಗೇರ್ ಹಲ್ಲುಗಳ ಸದ್ದು ಮಾತ್ರ ಉಳಿಯುತ್ತದೆ. ಬಿರುಕು ಬಿಟ್ಟ ಹಲ್ಲು ಇದ್ದರೆ ಸುತ್ತಿಗೊಮ್ಮೆ ಎಡವಿದ ಹಾಗೆ ಕಾಣುತ್ತದೆ.

ಪ್ಲಾನೆಟ್ ಗೇರ್ ಮಾತ್ರ ದೊಡ್ಡ ತಲೆನೋವು. ಅದು ತಾನೂ ತಿರುಗುತ್ತದೆ, ನಡುವಿನ ಸನ್ ಗೇರ್ ಸುತ್ತಲೂ ಓಡುತ್ತದೆ, ಸೆನ್ಸರ್ ನೋಡಿದರೆ ಹೊರಗಿನ ಕವಚದ ಮೇಲೆ ಕೂತಿರುತ್ತದೆ. 2016ರ ಏಪ್ರಿಲ್‌ನಲ್ಲಿ ನಾರ್ವೆಯಲ್ಲಿ ಒಂದು ಇಸಿ225 ಹೆಲಿಕಾಪ್ಟರ್‌ನ ಪ್ಲಾನೆಟ್ ಗೇರ್ ಒಡೆದು, ಮೇಲಿನ ರೋಟರ್ರೇ ಕಳಚಿ ಹೋಯಿತು. 13 ಜನ ಸತ್ತರು. ಕಂಪನದ ಮೇಲೆ ನಿಗಾ ಇಡುವ ವ್ಯವಸ್ಥೆ ಅದರಲ್ಲೂ ಇತ್ತು, ಎಚ್ಚರಿಕೆ ಬರಲಿಲ್ಲ. ಹಾಗಾಗಿ ಯಾವ ಗೇರ್ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ.

ಏಳನೇ ಸೆಮಿಸ್ಟರ್:
ಟ್ಯಾಕೋ ಕಾಲಂ ಇತ್ತು ಸಾರ್, ಏನಕ್ಕೆ ಬೇಕು ಅಂತ ನಾವೇ ಅಳಿಸಿ ಹಾಕಿದೆವು. ಮೂಲ ಫೈಲ್ ಯಾರದೋ ಪೆನ್‌ಡ್ರೈವ್‌ನಲ್ಲಿ ಇರಬೇಕು, ಹುಡುಕುತ್ತೇನೆ.