ಎಸ್ಟಿಮೇಟರ್ ಕೆಲಸಕ್ಕೆ ‘ಅಂದಾಜು’ ಅನ್ನೋ ಪದ ಸಾಕಾ?

ಗೆಳೆಯರೇ, ಒಂದು ಪದ ಬೇಕಾಗಿದೆ. ನಾನು ಪುಣೆಯಲ್ಲಿ 11 ವರ್ಷದಿಂದ ಎಸ್ಟಿಮೇಟರ್. ಕಟ್ಟಡದ ನಕ್ಷೆ ಕೈಗೆ ಬಂದ ಮೇಲೆ ಇಟ್ಟಿಗೆ ಎಷ್ಟು, ಕಬ್ಬಿಣ ಎಷ್ಟು ಟನ್, ಕೂಲಿ ಎಷ್ಟು ಅಂತ ಒಂದೊಂದೇ ಲೆಕ್ಕ ಹಾಕಿ ಟೆಂಡರಿಗೆ ದರ ಕಟ್ಟಿಕೊಡುವ ಕೆಲಸ. ಜಮಖಂಡಿಯಲ್ಲಿರುವ ಅಕ್ಕನ ಮಗಳು ಸಿವಿಲ್ ಡಿಪ್ಲೊಮಾ ಮುಗಿಸುತ್ತಿದ್ದಾಳೆ, ಅವಳಿಗೂ ಇದೇ ಕೆಲಸಕ್ಕೆ ಬರುವ ಮನಸ್ಸಿದೆ. ಮೊನ್ನೆ ಫೋನಿನಲ್ಲಿ ‘ಮಾಮಾ, ಇದಕ್ಕ ಕನ್ನಡದಾಗ ಏನಂತಾರ?’ ಅಂದಳು. ‘ಅಂದಾಜು ಮಾಡೋರು’ ಅಂದೆ. ಪಕ್ಕದಲ್ಲೇ ಇದ್ದ ನಮ್ಮವ್ವ ‘ಅಂದಾಜ ಹೇಳಾಕ ಪಗಾರ ಕೊಡ್ತಾರೇನು?’ ಅಂತ ಕೇಳಿದಳು.

ಅವ್ವ ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಮಾತಿನಲ್ಲಿ ಅಂದಾಜು ಅಂದರೆ ಅಳೆಯದೆ ಹೇಳಿದ್ದು, ಅಜಮಾಸು, ಸುಮಾರು. ಮರಾಠಿಯವರು ಅದೇ ಪಾರಸಿ ಪದಕ್ಕೆ ‘ಪತ್ರಕ’ ಸೇರಿಸಿ ಅಂದಾಜಪತ್ರಕ ಮಾಡಿಕೊಂಡಿದ್ದಾರೆ, ಪುಣೆ ಮಹಾನಗರ ಪಾಲಿಕೆಯ ಬಜೆಟ್ಟಿಗೂ ಅದೇ ಹೆಸರು. ನಮ್ಮಲ್ಲಿ ‘ಅಂದಾಜು ಪಟ್ಟಿ’ ಇದೆ, ಸರಿ. ಅದು ಕಾಗದದ ಹೆಸರಾಯಿತು. ಅದನ್ನು ಮಾಡುವವರಿಗೆ?

ಒಂದು ಕಿಟಕಿ ತಗೊಳ್ಳಿ. 1.2 ಮೀಟರ್ ಅಗಲ, ಅಷ್ಟೇ ಎತ್ತರ, ಅಂದರೆ 1.44 ಚದರ ಮೀಟರ್. ಗೋಡೆಯ ಎರಡೂ ಮೈಗೆ ಗಿಲಾವು, ಅಂದರೆ ಪ್ಲಾಸ್ಟರ್ ಇದೆ. ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕ ಐಎಸ್ 1200 ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ಕಿಂಡಿಗೆ ಗಿಲಾವಿನ ಅಳತೆಯಿಂದ ಏನೂ ಕಳೆಯುವ ಹಾಗಿಲ್ಲ. ಅರ್ಧದಿಂದ ಮೂರರವರೆಗೆ ಒಂದು ಮೈಯದ್ದು ಮಾತ್ರ ಕಳೆಯಬೇಕು, ಕಿಟಕಿಯ ಒಳ ಅಂಚಿಗೆ ಹಿಡಿಯುವ ಗಿಲಾವು ಅದರಲ್ಲೇ ಸರಿಹೋಯಿತು ಅಂತ ಲೆಕ್ಕ. ಮೂರಕ್ಕಿಂತ ದೊಡ್ಡದಾದರೆ ಎರಡೂ ಮೈ ಕಳೆದು, ಅಂಚನ್ನು ಬೇರೆಯಾಗಿ ಅಳೆದು ಸೇರಿಸಬೇಕು. ಇಂಥ 300 ಕಿಟಕಿಗಳಲ್ಲಿ ಒಂದು ಮೈ ಬದಲು ಎರಡೂ ಮೈ ಕಳೆದರೆ 432 ಚದರ ಮೀಟರ್ ಗಿಲಾವಿನ ದುಡ್ಡು ಕೈಬಿಟ್ಟು ಹೋಗುತ್ತದೆ. ಇದನ್ನು ಅಂದಾಜು ಅನ್ನೋದಕ್ಕೆ ನನಗಂತೂ ಬಾಯಿ ಬರಲ್ಲ.

ಹೀಗೆ ಕಳೆಯುವುದಕ್ಕೆ ಇಲ್ಲಿ ಎಲ್ಲರೂ ‘ವಜಾ’ ಅಂತಾರೆ. ನಮ್ಮ ಕಡೆಯೂ ಮುಂಗಡ ವಜಾ ಮಾಡಿ ಉಳಿದದ್ದು ಕೊಡುವುದಿತ್ತು, ಈಗ ಪೇಪರಿನಲ್ಲಿ ವಜಾ ಅಂದರೆ ಯಾರನ್ನೋ ಕೆಲಸದಿಂದ ತೆಗೆದದ್ದು ಅಥವಾ ಯಾವುದೋ ಅರ್ಜಿ ತಳ್ಳಿಹಾಕಿದ್ದು. ಲೆಕ್ಕದ ಅರ್ಥ ಕನ್ನಡದಲ್ಲಿ ಇನ್ನೂ ಉಳಿದಿದೆಯಾ? ಹಾಗೆಯೇ ‘ಬ್ರಾಸ್’. ಇಲ್ಲಿ ಉಸುಕು, ಖಡಿ (ಜಲ್ಲಿ) ಕೊಳ್ಳುವಾಗ ಒಂದು ಬ್ರಾಸ್ ಅಂದರೆ 100 ಘನ ಅಡಿ, ಗಿಲಾವಿಗೆ ಬಂದರೆ ಅದೇ ಬ್ರಾಸ್ 100 ಚದರ ಅಡಿ. ಬೆಂಗಳೂರಿನವರು ‘ಹತ್ತು ಚದರದ ಮನೆ’ ಅಂತಾರಲ್ಲ, ಆ ಚದರವೂ 100 ಚದರ ಅಡಿಯೇ.

ಮತ್ತೆ ನನ್ನ ಪದಕ್ಕೆ ಬರುತ್ತೇನೆ. ಲೆಕ್ಕಿಗ ಅಂದರೆ ಹಳ್ಳಿಯಲ್ಲಿ ಗ್ರಾಮ ಲೆಕ್ಕಿಗರು ನೆನಪಾಗುತ್ತಾರೆ. ಅಳತೆಗಾರ ಅಂದರೆ ಜಮೀನು ಅಳೆಯುವವನು. ಮೌಲ್ಯಮಾಪಕರು ಪರೀಕ್ಷೆ ಪೇಪರ್ ತಿದ್ದುತ್ತಾರೆ. ಅಂದಾಜುಗಾರ ಅಂದರೆ ಅವ್ವನ ಪ್ರಶ್ನೆ ಇನ್ನೂ ಜೋರಾಗುತ್ತದೆ ಅಷ್ಟೇ. ‘ಕಟ್ಟಡ ಲೆಕ್ಕಿಗ’ ಪರವಾಗಿಲ್ಲ ಅನಿಸುತ್ತಿದೆ, ಕೇಳಿದವರಿಗೆ ತಕ್ಷಣ ಅರ್ಥ ಆಗುತ್ತೆ ಅಲ್ವಾ? ನಿಮ್ಮೂರಿನ ಹಳೆಯ ಗುತ್ತಿಗೆದಾರರು, ಮೇಸ್ತ್ರಿಗಳು, ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವರು ಈ ಕೆಲಸ ಮಾಡುವವರನ್ನು ಏನಂತ ಕರೆಯುತ್ತಿದ್ದರು? ಹೊಸದಾಗಿ ಕಟ್ಟಿದ ಪದಕ್ಕಿಂತ ಬಾಯಲ್ಲಿ ಆಡಿದ ಪದ ಸಿಕ್ಕರೆ ನನಗೆ ಜಾಸ್ತಿ ಖುಷಿ.