ತಿನ್ನದಿದ್ದ ಮೇಲೆ ಹಿಡಿಯುವುದೇಕೆ?

ಗುಂಪು: ಕೆಳಮನೆ ಬಳಗ

ರವಿ: ಎಲ್ಲರಿಗೂ ನಮಸ್ಕಾರ. ಈ ಸಲದ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಮೀನುಗಾರಿಕೆ ಇಲ್ಲಿಗೆ ಮುಗಿಯಿತು. ಆಸ್ಟಿನ್‌ನಲ್ಲಿ ಬಿಸಿಲು ಏರಿದೆ, ಇನ್ನು ಅಕ್ಟೋಬರ್‌ವರೆಗೆ ಕಯಾಕ್ ಗ್ಯಾರೇಜಿನ ಗೋಡೆಗೆ. ಲೇಡಿ ಬರ್ಡ್ ಕೆರೆ, ಕೊಲರಾಡೊ ನದಿ, ಲಾನೊ ನದಿ, ಮೂರೂ ಕಡೆಯ ಚಿತ್ರಗಳನ್ನು ಮೇಲೆ ಹಾಕಿದ್ದೇನೆ. ಹಿಡಿದ ಮೀನುಗಳನ್ನೆಲ್ಲ ಮರಳಿ ನೀರಿಗೆ ಬಿಟ್ಟಿದ್ದೇನೆ. ಭಾವ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇದು ಟೆಕ್ಸಸ್‌ನ ಕೊಲರಾಡೊ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹರಿಯುವುದು ಬೇರೆ.

ಸುಬ್ಬಣ್ಣ ದೊಡ್ಡಪ್ಪ: ನಾಲ್ಕನೆಯ ಚಿತ್ರದ ಮೀನು ಎರಡು ಕಿಲೋಗೆ ಕಡಿಮೆ ಇಲ್ಲ. ಅದನ್ನೂ ಬಿಟ್ಟೆಯಾ?

ರವಿ: ಬಿಟ್ಟೆ ದೊಡ್ಡಪ್ಪ. ಅದು ಲಾರ್ಜ್‌ಮೌತ್ ಬಾಸ್.

ಸುಬ್ಬಣ್ಣ ದೊಡ್ಡಪ್ಪ: ಹೆಸರು ಏನಾದರೂ ಇರಲಿ. ತಿನ್ನಲು ಬರುವುದಿಲ್ಲವೋ?

ರವಿ: ಬರುತ್ತದೆ. ಇಲ್ಲಿಯ ಸಾಮಾನ್ಯ ನಿಯಮದ ಪ್ರಕಾರ 14 ಇಂಚು ಮೀರಿದ್ದಾದರೆ ದಿನಕ್ಕೆ ಐದನ್ನು ಮನೆಗೆ ಒಯ್ಯಬಹುದು. ಕೆಲವು ಕೆರೆಗಳಿಗೆ ಬೇರೆ ಲೆಕ್ಕವಿದೆ.

ಸುಬ್ಬಣ್ಣ ದೊಡ್ಡಪ್ಪ: ಸರ್ಕಾರವೇ ಐದು ತೆಗೆದುಕೊಂಡು ಹೋಗು ಎನ್ನುತ್ತದೆ, ನೀನು ಬೇಡ ಎನ್ನುತ್ತೀಯ! ತಿನ್ನದಿದ್ದ ಮೇಲೆ ಹಿಡಿಯುವುದೇಕೆ ಮಾರಾಯ? ಹೊಟ್ಟೆಗೆಂದು ಹಿಡಿದರೆ ಅದಕ್ಕೊಂದು ಅರ್ಥವಿದೆ. ಅದರ ಬಾಯಿ ಚುಚ್ಚಿ, ಸುಸ್ತಾಗುವವರೆಗೆ ಎಳೆದಾಡಿ, ಫೋಟೋ ತೆಗೆಸಿಕೊಂಡು, ಕೊನೆಗೆ ಹೋಗಿ ಬಾ ಎಂದು ಕಳುಹಿಸಿಕೊಡುವುದು ಯಾವ ಸೀಮೆಯ ದಯೆ?

ಶಾರದತ್ತೆ: ಅಣ್ಣ ಹೇಳುವುದು ಸರಿ. ನಾವು ಚಿಕ್ಕವರಿದ್ದಾಗ ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವರು. ರವಿಯನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೈಯಾಡಿಸಿದವನೇ ಇಲ್ಲಿ ಗಾಳ ಹಾಕಿದ್ದಾನೆ.

ರವಿ: ಅತ್ತೆ, ನಾನು ಅದನ್ನು ದಯೆ ಎಂದು ಕರೆದೇ ಇಲ್ಲ. ನನಗೆ ಅದು ಇಷ್ಟ, ಅಷ್ಟೇ. ಆದರೆ ಇಷ್ಟವಿದೆ ಎಂದು ಹೇಗೆಂದರೆ ಹಾಗೆ ಮಾಡುವುದಿಲ್ಲ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಂದು ಸಣ್ಣ ಮುಳ್ಳಿರುತ್ತದೆ. ಹೊಕ್ಕ ಕೊಕ್ಕೆ ಹೊರಗೆ ಬಾರದಂತೆ ಹಿಡಿಯುವುದು ಅದೇ. ಪ್ರತಿಯೊಂದು ಕೊಕ್ಕೆಯಲ್ಲಿಯೂ ಅದನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಟ್ಟಿದ್ದೇನೆ. ದಾರ ಸ್ವಲ್ಪ ಸಡಿಲಿಸಿದರೂ ಮೀನು ತಾನಾಗಿಯೇ ಕಳಚಿಕೊಳ್ಳುತ್ತದೆ. ಹಾಗೆ ತಪ್ಪಿಸಿಕೊಂಡು ಹೋಗುವುದೇ ಹೆಚ್ಚು. ಬಲೆ ರಬ್ಬರಿನದು, ನೂಲಿನ ಬಲೆ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತೇನೆ. ಕಯಾಕಿನಲ್ಲಿ ಕೂತರೆ ನೀರಿನ ಮಟ್ಟದಲ್ಲಿಯೇ ಇರುತ್ತೇವೆ, ಮೀನನ್ನು ಮೇಲೆತ್ತಬೇಕಾಗಿಯೇ ಇಲ್ಲ. ಪಕ್ಕದ ನೀರಿನಲ್ಲಿಯೇ ಹಿಡಿದು ಕೆಳದವಡೆಗೆ ಹೆಬ್ಬೆರಳು ಕೊಟ್ಟರೆ ಅದು ಕಚ್ಚಿಕೊಳ್ಳುತ್ತದೆ. ಹಲ್ಲು ಉಪ್ಪುಕಾಗದದಷ್ಟೇ ಒರಟು, ಚುಚ್ಚುವುದಿಲ್ಲ. ಕಿವಿರು ಸಮವಾಗಿ ಆಡತೊಡಗಿದ ಮೇಲೆ ತಾನೇ ಬೆರಳು ಬಿಟ್ಟು ಬಾಲ ಬಡಿದು ಹೋಗುತ್ತದೆ. ಎಷ್ಟೋ ಸಲ ನನ್ನ ಮುಖಕ್ಕೆ ನೀರು.

ಸುಬ್ಬಣ್ಣ ದೊಡ್ಡಪ್ಪ: ಇಷ್ಟೆಲ್ಲ ಉಪಚಾರ ಮಾಡುವ ಬದಲು ಗಾಳ ಹಾಕದೆ ಇದ್ದರೆ ಅದಕ್ಕೆ ಇನ್ನೂ ಹೆಚ್ಚು ಉಪಚಾರವಾಗುತ್ತಿತ್ತು.

ಚೈತ್ರಾ: ಅಪ್ಪನ ಈ ಮಾತಿಗೆ ರವಿಯಣ್ಣನ ಹತ್ತಿರ ಉತ್ತರವಿಲ್ಲ. 2003ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ರೇನ್‌ಬೋ ಟ್ರೌಟ್‌ಗಳ ತುಟಿಗೆ ಜೇನುಹುಳುವಿನ ವಿಷ ಮತ್ತು ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಮೀನುಗಳು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ನಮಗಾಗುವ ನೋವೇ ಅದಕ್ಕೂ ಆಗುತ್ತದೆಯೇ ಎಂದು ಇಂದಿಗೂ ಜಗಳವಿದೆ. ಆದರೆ ಮೀನಿಗೆ ಏನೂ ತಿಳಿಯುವುದಿಲ್ಲ ಎಂದು ಹೇಳುವ ಕಾಲ ಮುಗಿಯಿತು. ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದೂ ಇಲ್ಲ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಸುಸ್ತಾದ ಮೀನು ಚೇತರಿಸಿಕೊಳ್ಳಲಾರದೆ ಆಮೇಲೆ ಕಣ್ಮರೆಯಲ್ಲಿ ಸಾಯುವುದುಂಟು. ಬೇಸಿಗೆಯಲ್ಲಿ ಕಯಾಕನ್ನು ಗೋಡೆಗೆ ನೇತುಹಾಕಿದ್ದಕ್ಕೆ ಮಾತ್ರ ನನ್ನ ಅಂಕ.

ಸುಮಾ: ವಕೀಲಿಕೆಯ ಮಾತು ಒಂದು. ಸ್ವಿಟ್ಜರ್ಲೆಂಡಿನಲ್ಲಿ ಮೀನನ್ನು ಬಿಡಬೇಕೆಂದೇ ಹಿಡಿಯುವುದು ಕಾನೂನಿಗೆ ವಿರುದ್ಧ. ಜರ್ಮನಿಯಲ್ಲಿ ಪ್ರಾಣಿಗೆ ನೋವು ಕೊಡಲು ತಕ್ಕ ಕಾರಣವಿರಬೇಕು, ತಿನ್ನುವುದು ಕಾರಣವಾಗುತ್ತದೆ, ಆಟ ಆಗುವುದಿಲ್ಲ. ದೊಡ್ಡಪ್ಪನವರ ವಾದವೇ ಅಲ್ಲಿ ಕಾನೂನಾಗಿದೆ ಎನ್ನಬಹುದು.

ಸುಬ್ಬಣ್ಣ ದೊಡ್ಡಪ್ಪ: ನೋಡಿದೆಯಾ ರವಿ! ಜರ್ಮನಿಯವರು ಬುದ್ಧಿವಂತರು.

ರವಿ: ಅಕ್ಕ, ನೀನು ಯಾರ ಕಡೆ?

ಸುಮಾ: ಶುಲ್ಕ ಕೊಟ್ಟವರ ಕಡೆ.

ಮಂಜುನಾಥ ಭಾವ: ನಾನೂ ಎರಡು ಮಾತು ಹಾಕುತ್ತೇನೆ. ನಮ್ಮ ಮಳವಳ್ಳಿ ಕಡೆಯವರಿಗೆ ಇದು ಹೊಸ ಸಂಗತಿಯಲ್ಲ. ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಲಿಬೋರೆಯ ಶಿಬಿರಗಳಲ್ಲಿ ಹಿಡಿದು ಬಿಡುವ ಮೀನುಗಾರಿಕೆ ವರ್ಷಗಟ್ಟಲೆ ನಡೆಯಿತು. ಕಯಾಕ್ ಇರಲಿಲ್ಲ, ಹರಿಗೋಲು. ಮಹಶೀರ್ ಎಂಬ ದೊಡ್ಡ ಹೊಳೆಮೀನಿಗೆಂದು ಗಾಳಕ್ಕೆ ಏನು ಹಾಕುತ್ತಿದ್ದರು ಗೊತ್ತೇ? ರಾಗಿ! ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ಉಂಡೆ ಕಟ್ಟಿ ಕೊಕ್ಕೆಯನ್ನು ಮುಚ್ಚುತ್ತಿದ್ದರು. ಲಂಡನ್ನಿನಿಂದ ಬಂದ ದೊರೆಗಳು ದಿನವಿಡೀ ಬಂಡೆಯ ಮೇಲೆ ಕೂತು ಕಾಯುತ್ತಿದ್ದುದು ನಮ್ಮ ಮುದ್ದೆಯ ಮಹಿಮೆಯಿಂದ. ಆ ಮೀನಿಗೆ ಹಿಂದೆ ಎಂಥ ಗಾತ್ರವಿತ್ತೆಂದರೆ, 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡ್ ತೂಗಿತ್ತು. ಸುಮಾರು 54 ಕಿಲೋ.

ಸುಬ್ಬಣ್ಣ ದೊಡ್ಡಪ್ಪ: 54 ಕಿಲೋ! ಒಂದು ಮದುವೆಗೆ ಸಾಲುತ್ತದೆ.

ಮಂಜುನಾಥ ಭಾವ: ಇನ್ನೂ ಕೇಳಿ. ಶಿಬಿರಗಳಲ್ಲಿ ಕಾವಲಿಗೆ ಮತ್ತು ಹರಿಗೋಲಿಗೆ ಸೇರಿಕೊಂಡವರಲ್ಲಿ ಕೆಲವರು ಹಿಂದೆ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದವರೇ. ತೋಟೆ ಹಾಕಿದರೆ ಮಡುವಿನಲ್ಲಿ ಮರಿಯೂ ಉಳಿಯುವುದಿಲ್ಲ, ಮೇಲೆ ತೇಲಿದ್ದು ಕೆಲವು, ತಳದಲ್ಲಿ ಸತ್ತು ಬಿದ್ದದ್ದು ಹಲವು. ಆ ಕೆಲಸ ಬಿಟ್ಟು ಸಂಬಳಕ್ಕೆ ಸೇರಿ, ಬೇರೆಯವರು ತೋಟೆ ಹಾಕದಂತೆ ನೋಡಿಕೊಂಡರು. ಬದುಕಿರುವ ಮೀನಿಗೆ ಬೆಲೆ ಬಂದದ್ದು ಅದನ್ನು ಬಿಟ್ಟದ್ದರಿಂದ. ತಿಂದಿದ್ದರೆ ಒಂದೇ ಸಲದ ಬೆಲೆ. 2012ರ ಹೊತ್ತಿಗೆ ಅದೆಲ್ಲ ನಿಂತಿತು.

ಶಾರದತ್ತೆ: ಯಾಕೆ ನಿಂತಿತು? ಯಾರ ಪುಣ್ಯ?

ಸುಮಾ: ಅದು ಕಾವೇರಿ ವನ್ಯಜೀವಿ ಧಾಮದ ಒಳಗಿನ ಹೊಳೆ ಅತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಬಿಡುತ್ತೇನೆ ಎಂದರೂ ಮೊದಲು ಹಿಡಿದಿರುತ್ತೀರಿ. ಅಕ್ಷರಶಃ ಓದಿದರೆ ಬೇರೆ ದಾರಿ ಇಲ್ಲ.

ಮಂಜುನಾಥ ಭಾವ: ಅಕ್ಷರ ಓದಿದವರು ಹೊಳೆ ಓದಲಿಲ್ಲ. ಗಾಳದವರು ಹೋದರು, ಅವರ ಹಿಂದೆ ಕಾವಲೂ ಹೋಯಿತು. ಮತ್ತೆ ತೋಟೆ ಸದ್ದು ಕೇಳಿಸಿತು ಎನ್ನುವವರು ನಮ್ಮ ಕಡೆ ಇದ್ದಾರೆ.

ಸುಮಾ: ಮನೆಯವರೇ, ಎನ್ನುವವರು ಇದ್ದಾರೆ ಎಂಬುದು ಸಾಕ್ಷ್ಯವಲ್ಲ.

ಚೈತ್ರಾ: ಭಾವ, ಅಷ್ಟೂ ಒಳ್ಳೆಯ ಕಥೆಯೇ, ಆದರೆ ಅರ್ಧ. ಉಳಿದರ್ಧವನ್ನು ನಾನು ಹೇಳುತ್ತೇನೆ. ಕಾವೇರಿಯ ಆ ದೊಡ್ಡ ಮೀನು, ಬೆನ್ನಿನ ಮೇಲೆ ಗೂನು ಇರುವ ಮಹಶೀರ್, ಈ ಹೊಳೆಯ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಮಹಶೀರ್ ಕಡಿಮೆಯಾಗುತ್ತಿದೆ, ಉಳಿಸೋಣ ಎಂದು ಲೋನಾವಳದ ಟಾಟಾ ಮರಿ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರೀ. ಸದುದ್ದೇಶವೇ. ಅದು ಹೊಳೆ ತುಂಬ ಹರಡಿಕೊಂಡಿತು, ಗೂನು ಬೆನ್ನಿನದು ಕರಗುತ್ತ ಬಂದಿತು. ತಮಾಷೆ ನೋಡಿ, ಎಲ್ಲರೂ ಹಾಡಿ ಹೊಗಳಿದ ಆ ಗೂನು ಬೆನ್ನಿನ ಮೀನಿಗೆ ಒಂದು ಸರಿಯಾದ ವೈಜ್ಞಾನಿಕ ಹೆಸರು ಕೂಡ ಇರಲಿಲ್ಲ. 2018ರಲ್ಲಿ ಟಾರ್ ರೆಮದೇವಿ ಎಂದು ನಿಶ್ಚಯವಾಯಿತು, ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯ ಅತ್ಯಂತ ಗಂಭೀರ ವರ್ಗಕ್ಕೂ ಸೇರಿತು.

ಮಂಜುನಾಥ ಭಾವ: ಹಾಗಾದರೆ ಗಾಳದವರಿಂದಲೇ ಕೆಟ್ಟಿತು ಎನ್ನುತ್ತೀಯಾ?

ಚೈತ್ರಾ: ಇಲ್ಲ ಭಾವ. ಅದು ಕರಗುತ್ತಿದೆ ಎಂದು ತಿಳಿದದ್ದೇ ಗಾಳದವರಿಂದ! ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ದಾಖಲೆ ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ತೆರೆದು ನೋಡಿದಾಗ, ಒಂದು ಜಾತಿ ಏರುತ್ತ ಇನ್ನೊಂದು ಇಳಿಯುತ್ತ ಹೋದದ್ದು ಕಣ್ಣಿಗೆ ಬಿದ್ದಿತು. ಆ ಪುಸ್ತಕ ಇಲ್ಲದಿದ್ದರೆ ಹೊಳೆಯ ತುಂಬ ಮಹಶೀರ್ ಇದೆ ಎಂದು ಎಲ್ಲರೂ ಸುಖವಾಗಿ ನಿದ್ರಿಸುತ್ತಿದ್ದರು. ಹಾಗಾಗಿ ರವಿಯಣ್ಣನಿಗೆ ನನ್ನ ಪ್ರಶ್ನೆ ನೋವಿನದಲ್ಲ. ಬಿಟ್ಟ ಮೀನುಗಳನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀಯಾ? ಬರೆದಿಟ್ಟಿದ್ದರೆ ನಿನ್ನ ಪರವಾಗಿ ಮಾತನಾಡುತ್ತೇನೆ. ಬರೀ ಚಿತ್ರವಾದರೆ ಅಪ್ಪ ಹೇಳಿದ್ದೇ ಸರಿ.

ರವಿ: ಉದ್ದ, ಜಾತಿ, ಸ್ಥಳ, ನೀರಿನ ಉಷ್ಣಾಂಶ ಬರೆಯುತ್ತೇನೆ. ನೀನು ಹೇಳಿದ ಕಥೆ ಇಲ್ಲಿಯೂ ನಡೆದಿದೆ ಚೈತ್ರಾ. ಆರನೆಯ ಚಿತ್ರ ನೋಡು, ಅಂಗೈಗಿಂತ ಸ್ವಲ್ಪ ದೊಡ್ಡದು, ಪಕ್ಕದಲ್ಲಿ ಹಸಿರು ಮಚ್ಚೆಗಳ ಸಾಲು. ಅದು ಗ್ವಾಡಲೂಪ್ ಬಾಸ್, ಟೆಕ್ಸಸ್ ಬಿಟ್ಟರೆ ಬೇರೆಲ್ಲೂ ಹುಟ್ಟುವುದಿಲ್ಲ. 1989ರಿಂದ ರಾಜ್ಯದ ಮೀನು. 1970ರ ದಶಕದಲ್ಲಿ ಗಾಳದವರಿಗೆ ಖುಷಿಯಾಗಲಿ ಎಂದು ಉತ್ತರದ ಸ್ಮಾಲ್‌ಮೌತ್ ಬಾಸ್ ತಂದು ಈ ಹೊಳೆಗಳಿಗೆ ಬಿಟ್ಟರು. ಎರಡೂ ಬೆರೆತು ಮಿಶ್ರತಳಿಯಾಗಿ, ಶುದ್ಧ ಗ್ವಾಡಲೂಪ್ ಕೆಲವು ಹೊಳೆಗಳಿಂದ ಮಾಯವೇ ಆಯಿತು. ಈಗ ಶುದ್ಧ ಮರಿಗಳನ್ನು ಬೆಳೆಸಿ ಮತ್ತೆ ಬಿಡುತ್ತಿದ್ದಾರೆ. ಲಾನೊ ನದಿಯ ದಕ್ಷಿಣ ಕವಲಿನಲ್ಲಿ ಅದು ಚೆನ್ನಾಗಿ ಚೇತರಿಸಿಕೊಂಡಿದೆ. ಇದಕ್ಕೆ ಹಣ ಎಲ್ಲಿಂದ ಬರುತ್ತದೆ? ನಮ್ಮ ಪರವಾನಗಿ ಶುಲ್ಕ ಒಂದು. ಗಾಳ, ಕೋಲುಗಳ ಮೇಲೆ 1950ರ ಕಾಯ್ದೆಯಂತೆ ಬೀಳುವ ಹತ್ತು ಶೇಕಡಾ ತೆರಿಗೆ ಇನ್ನೊಂದು. ಅದು ಮೀನಿನ ಕೆಲಸಕ್ಕೆಂದೇ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ.

ಸುಬ್ಬಣ್ಣ ದೊಡ್ಡಪ್ಪ: ತೆರಿಗೆ ಕಟ್ಟಿದ ಮಾತ್ರಕ್ಕೆ ಚುಚ್ಚಿದ್ದು ಮಾಫಿಯಾಗುತ್ತದೆಯೇ?

ರವಿ: ಇಲ್ಲ. ನಾನು ಹಾಗೆ ಹೇಳುವುದೂ ಇಲ್ಲ. ಆದರೆ ದೊಡ್ಡಪ್ಪ, ಕೋಪಿಸಿಕೊಳ್ಳದಿದ್ದರೆ ಒಂದು ಕೇಳುತ್ತೇನೆ. ಮಳೆ ಇನ್ನೇನು ಬಂದೀತು. ಮೀನು ಹಿಡಿಯುವ ನಿಮ್ಮ ಬಿದಿರ ಕೂಣಿ ಅಟ್ಟದಿಂದ ಇಳಿದಿದೆಯೇ?

ಸುಬ್ಬಣ್ಣ ದೊಡ್ಡಪ್ಪ: ಇಳಿದಿದೆ. ನಿನ್ನೆ ಒಂದೆರಡು ಬಿದಿರ ಕಡ್ಡಿ ಮುರಿದಿದ್ದನ್ನು ಸರಿ ಮಾಡಿದೆ. ಅದಕ್ಕೇನು? ಹತ್ತುಮೀನು ನಮ್ಮಜ್ಜನ ಕಾಲದಿಂದ ಹಿಡಿಯುತ್ತ ಬಂದದ್ದು. ಹಿಡಿದದ್ದನ್ನು ತಿನ್ನುತ್ತೇವೆ, ನೆರೆಮನೆಗೂ ಕೊಡುತ್ತೇವೆ. ಒಂದು ಮುಳ್ಳೂ ವ್ಯರ್ಥವಿಲ್ಲ.

ಚೈತ್ರಾ: ಅಪ್ಪ, ಹತ್ತುಮೀನು ಹತ್ತುವುದು ಯಾಕೆ?

ಸುಬ್ಬಣ್ಣ ದೊಡ್ಡಪ್ಪ: ಗೊತ್ತಿದ್ದೂ ಕೇಳಬೇಡ.

ಚೈತ್ರಾ: ಉಳಿದವರಿಗಾಗಿ ಕೇಳುತ್ತಿದ್ದೇನೆ. ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹಿಡಿದು ಗದ್ದೆಗೆ ಏರುವುದು ಮೊಟ್ಟೆ ಇಡುವುದಕ್ಕೆ. ಗದ್ದೆಯ ಕಂಡಿಯಲ್ಲಿ ನಾವು ಕೂಣಿ ಇಟ್ಟರೆ ಒಳಗೆ ಬೀಳುವುದು ಹೊಟ್ಟೆ ತುಂಬ ಮೊಟ್ಟೆ ಹೊತ್ತ ತಾಯಿ. ಅಮ್ಮ ಮುರುಗೋಡು ಮೀನು ಹೆಚ್ಚುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಪಾತ್ರೆಯಲ್ಲಿ ಮೀನಿಗಿಂತ ಮೊಟ್ಟೆಯೇ ಹೆಚ್ಚು ಕಾಣುತ್ತಿತ್ತು. ಕರಾವಳಿಯಲ್ಲಿ ಇದೇ ಕಾರಣಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಬಿಡುವಂತಿಲ್ಲ. ನಮ್ಮ ಹಳ್ಳಗಳ ಮೀನಿಗೆ ಆ ಎರಡು ತಿಂಗಳು ಯಾರು ಕೊಡುತ್ತಾರೆ? ರವಿಯಣ್ಣ ಒಂದು ಮೀನಿನ ತುಟಿ ಚುಚ್ಚಿ ಬಿಡುತ್ತಾನೆ. ನಾವು ನೋವು ಕೊಡದೆ, ಬಹಳ ಮರ್ಯಾದೆಯಿಂದ, ಮುಂದಿನ ವರ್ಷದ ಮೀನನ್ನೇ ಸಾರು ಮಾಡುತ್ತೇವೆ.

ಸುಬ್ಬಣ್ಣ ದೊಡ್ಡಪ್ಪ: ಮಂಗಳೂರಿಗೆ ಕಳುಹಿಸಿ ಓದಿಸಿದ್ದು ಇದಕ್ಕೇ.

ಶಾರದತ್ತೆ: ಮಗುವನ್ನು ಬೈಯಬೇಡ ಅಣ್ಣ. ಹೊಳೆಯಲ್ಲಿ ಮೊದಲಿನಷ್ಟು ಮೀನಿಲ್ಲ ಎಂದು ಹೋದ ಶ್ರಾವಣದಲ್ಲಿ ನೀನೇ ಗೊಣಗಿದ್ದೆ.

ಸುಬ್ಬಣ್ಣ ದೊಡ್ಡಪ್ಪ: ಗೊಣಗಿದ್ದು ಶುಂಠಿ ಗದ್ದೆಯವರ ಔಷಧಿ ನೀರಿಗೆ. ಮರಳು ತೆಗೆದು ಮಡು ಹಾಳು ಮಾಡಿದವರಿಗೆ. ನನ್ನ ಒಂದು ಕೂಣಿಯಿಂದ ಹೊಳೆ ಬರಿದಾಗುವುದಿಲ್ಲ.

ಚೈತ್ರಾ: ಔಷಧಿ, ಮರಳು ಎರಡೂ ನಿಜ, ಕೂಣಿಗಿಂತ ದೊಡ್ಡವೂ ಹೌದು. ಆದರೆ ಅವರನ್ನು ನಿಲ್ಲಿಸಲು ನಮ್ಮ ಕೈಯಲ್ಲಿ ಏನಿದೆ? ಕೂಣಿ ನಮ್ಮ ಕೈಯಲ್ಲಿದೆ.

ಮಂಜುನಾಥ ಭಾವ: ಮಾವ, ರವಿಯ ದಾರಿಯೇ ಹಿಡಿಯಿರಿ. ಹಿಡಿದು, ಫೋಟೋ ತೆಗೆದು, ಬಿಡಿ.

ಸುಬ್ಬಣ್ಣ ದೊಡ್ಡಪ್ಪ: ರಾತ್ರಿಯಿಡೀ ಜಡಿಮಳೆಯಲ್ಲಿ ಗೊರಬು ಹಾಕಿಕೊಂಡು, ಜಿಗಣೆ ಕಚ್ಚಿಸಿಕೊಂಡು, ಬೆಳಗ್ಗೆ ಫೋಟೋ? ನಾನೇನು ಟೆಕ್ಸಸ್‌ನವನೇ?

ರವಿ: ನಾನೂ ಅದನ್ನು ಕೇಳುತ್ತಿಲ್ಲ ದೊಡ್ಡಪ್ಪ. ಬಿಸಿಲು ಏರಿದಾಗ ಇಷ್ಟವಿದ್ದರೂ ನಾನು ಕಯಾಕ್ ಕಟ್ಟಿಟ್ಟೆ. ಆ ಹೊತ್ತಿನಲ್ಲಿ ಹಿಡಿದರೆ ಬಿಟ್ಟೂ ಉಪಯೋಗವಿಲ್ಲ. ನಿಮ್ಮಲ್ಲಿಯೂ ಹಾಗೊಂದು ಹೊತ್ತು ಇದೆ ಎಂದಷ್ಟೇ.

ಸುಬ್ಬಣ್ಣ ದೊಡ್ಡಪ್ಪ: ಚೈತ್ರಾ, ನೇರವಾಗಿ ಹೇಳು. ಮೃಗಶಿರಕ್ಕೆ ಬೇಡ ಎಂದರೆ ಆರಿದ್ರಾ ಮಳೆಗೆ ಇಡಬಹುದೇ?

ಚೈತ್ರಾ: ಏರುವುದು ಆಗ ಇನ್ನೂ ನಿಂತಿರುವುದಿಲ್ಲ ಅಪ್ಪ. ಪುನರ್ವಸುವಿಗೆ ಇಡಿ, ಮೊಟ್ಟೆ ಇಟ್ಟು ಹಿಂದಿರುಗುವವು ಸಿಗುತ್ತವೆ. ಕೂಣಿಯ ಬಾಯಿಯನ್ನು ಹೊಳೆಯ ಕಡೆಗಲ್ಲ, ಗದ್ದೆಯ ಕಡೆಗೆ ತಿರುಗಿಸಿಡಬೇಕು.

ಸುಬ್ಬಣ್ಣ ದೊಡ್ಡಪ್ಪ: ಅವು ಬಡಕಲಾಗಿರುತ್ತವೆ. ಸಾರಿಗೆ ರುಚಿ ಬರುವುದಿಲ್ಲ.

ಚೈತ್ರಾ: ಹುಳಿ ಸ್ವಲ್ಪ ಜಾಸ್ತಿ ಹಾಕಲು ಅಮ್ಮನಿಗೆ ಹೇಳುತ್ತೇನೆ.

ಸುಬ್ಬಣ್ಣ ದೊಡ್ಡಪ್ಪ: ಮೊದಲು ಮಳೆ ಬರಲಿ. ಇಡುವುದಿಲ್ಲ ಎಂದು ನಾನು ಎಲ್ಲಿಯೂ ಒಪ್ಪಿಲ್ಲ, ಎಲ್ಲರೂ ನೋಡಿಕೊಳ್ಳಿ.

ಸುಮಾ: ದಾಖಲೆಗೆ ತೆಗೆದುಕೊಂಡಿದ್ದೇನೆ ದೊಡ್ಡಪ್ಪ.