ಮಾಡು (ಚಾವಣಿ) ಇರೋ ಮರದ ಸೇತುವೆ ನೋಡೋಕೆ ವರ್ಮಾಂಟ್, ಅಪ್ಪ ಅಮ್ಮ ಜೊತೆ 3 ದಿನ, ರೂಟ್ ಹೇಳ್ರಪ್ಪ

ತೀರ್ಥಳ್ಳಿ_ಹುಡ್ಗ

ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿ, ಎಡಿಸನ್ ಹತ್ರ. ಊರಿಂದ ಅಪ್ಪ ಅಮ್ಮ ಬಂದಿದಾರೆ, ನವೆಂಬರ್ ಮೊದಲ ವಾರ ವಾಪಸ್. ನಯಾಗರ ಆಯ್ತು, ವಾಷಿಂಗ್ಟನ್ ಆಯ್ತು, ಟೈಮ್ಸ್ ಸ್ಕ್ವೇರಲ್ಲಿ ನಿಂತು ಅಪ್ಪ "ಇಷ್ಟು ಕರೆಂಟ್ ಬಿಲ್ ಯಾರಪ್ಪ ಕಟ್ತಾರೆ" ಅಂದಿದ್ದೂ ಆಯ್ತು. ಈಗ ಅವ್ರಿಗೆ ಮನೇಲಿ ಕೂತು ಕೂತು ಬೇಜಾರು.

ಮೊನ್ನೆ ಅಡುಗೆಮನೇಲಿ ನೇತಾಕಿರೋ ಕ್ಯಾಲೆಂಡರ್ ತಿರುಗಿಸ್ದೆ, ಅಕ್ಟೋಬರ್ ಪುಟಕ್ಕೆ ಒಂದು ಫೋಟೋ, ಕೆಂಪು ಬಣ್ಣದ ಮರದ ಸೇತುವೆ, ಮೇಲೆ ಮನೆ ಥರ ಮಾಡು, ಸುತ್ತ ಹಳದಿ ಕೆಂಪು ಎಲೆ, ಕೆಳಗೆ ಹೊಳೆ. ಅಪ್ಪ ಕನ್ನಡಕ ಹಾಕ್ಕೊಂಡು ಐದು ನಿಮಿಷ ನೋಡಿ, "ಸಂಕಕ್ಕೆ ಮಾಡು ಯಾಕೆ ಹಾಕಿದಾರೆ ಇವ್ರು?" ಅಂದ್ರು. ನಂಗೆ ಗೊತ್ತಿರ್ಲಿಲ್ಲ. ಹಿಮ ಬೀಳದೇ ಇರ್ಲಿ ಅಂತ ಇರ್ಬೇಕು ಅಂದೆ. ಅಪ್ಪ ಮೂವತ್ತು ವರ್ಷ ಸಾಮಿಲ್ಲು ನಡೆಸಿದವ್ರು, ನನ್ನ ಉತ್ತರಕ್ಕೆ ಮುಖ ಒಂಥರಾ ಮಾಡಿದ್ರು. ಹೋಗಿ ನೋಡ್ಕೊಂಡೇ ಬರೋಣ ಅಂತ ಆಗಿದೆ.

ಇರೋದು ಮೂರು ದಿನ, ಅಕ್ಟೋಬರ್ ಎರಡನೇ ವಾರ. ಮಿನಿವ್ಯಾನ್ ಬಾಡಿಗೆಗೆ ತಗೋತಿದೀನಿ, ಅದು ಈ ಸೇತುವೆ ಒಳಗೆ ಹಿಡಿಯುತ್ತಾ? ಅಮ್ಮಂಗೆ ತಿರುವಿನ ರಸ್ತೆ ಆಗಲ್ಲ, ಆಗುಂಬೆ ಘಾಟಿ ಹತ್ತೋವಾಗೆಲ್ಲ ನಿಂಬೆಹಣ್ಣು ಕೈಲಿ ಹಿಡ್ಕೊಂಡೇ ಕೂರೋರು. ನನ್ನ ಹತ್ರ ಹಳೇ ಡಿಎಸ್ಎಲ್ಆರ್ ಇದೆ, ಬರೀ ಆಟೋ ಮೋಡಲ್ಲಿ ಹೊಡಿಯೋನು. ಹೋದವ್ರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ.

ಬಾಸ್ಟನ್_ಭಟ್ರು

ಮೊದ್ಲು ನಿಮ್ಮ ಅಪ್ಪನ ಪ್ರಶ್ನೆ. ಮಾಡು ಹಾಕಿದ್ದು ಮನುಷ್ಯರಿಗೂ ಅಲ್ಲ ಕುದುರೆಗೂ ಅಲ್ಲ, ಮರಕ್ಕೆ. ಸೇತುವೆ ಭಾರ ಪೂರ್ತಿ ಹೊರೋದು ಎರಡೂ ಪಕ್ಕದಲ್ಲಿರೋ ಮರದ ಚೌಕಟ್ಟು, ಅದರ ಜೋಡಣೆ ಸಂದಿಗೆ ಮಳೆ ನೀರು ಇಳಿದ್ರೆ ಹತ್ತು ಹದಿನೈದು ವರ್ಷಕ್ಕೆ ಮುಗೀತು. ಮಾಡು ಹಾಕಿ ಪಕ್ಕಕ್ಕೆ ಹಲಗೆ ಹೊಡೆದ್ರೆ ನೂರು ವರ್ಷ ದಾಟುತ್ತೆ. ಮಾಡು ಹಾಳಾದ್ರೆ ಮಾಡು ಬದಲಾಯಿಸಬಹುದು, ಚೌಕಟ್ಟು ಹಾಳಾದ್ರೆ ಸೇತುವೇನೇ ಹೋಯ್ತು. ಹಿಮದ್ದು ತಮಾಷೆ ಕೇಳಿ, ಹಿಂದೆ ಚಳಿಗಾಲದಲ್ಲಿ ಇವ್ರು ಓಡಾಡ್ತಿದ್ದಿದ್ದು ಜಾರುಬಂಡೀಲಿ, ಸೇತುವೆ ಒಳಗೆ ಬರೀ ಹಲಗೆ ಇದ್ರೆ ಬಂಡಿ ಜಾರಲ್ಲ, ಅದಕ್ಕೆ ಹೊರಗಿಂದ ಹಿಮ ಸಲಿಕೇಲಿ ತಂದು ಒಳಗೆ ಹರಡ್ತಿದ್ರಂತೆ. ನಿಮ್ಮ ಉತ್ತರ ಪೂರ್ತಿ ಉಲ್ಟಾ 😄

ರೂಟು. ವರ್ಮಾಂಟಲ್ಲಿ ಇಂಥವು ನೂರಕ್ಕೂ ಸ್ವಲ್ಪ ಜಾಸ್ತಿ ಇವೆ, ಎಲ್ಲಾ ನೋಡೋಕೆ ಹೋಗ್ಬೇಡಿ, ಐದಾರು ಆದ್ಮೇಲೆ ಮನೆಯವ್ರು ಕಾರಿಂದ ಇಳಿಯಲ್ಲ. ಮೊದಲ ದಿನ ಆಲ್ಬನಿ ಮೇಲೆ ಬೆನ್ನಿಂಗ್ಟನ್. ಅಲ್ಲಿ ಸಿಲ್ಕ್ ರೋಡ್, ಪೇಪರ್ ಮಿಲ್, ಹೆನ್ರಿ ಅಂತ ಮೂರು ಸೇತುವೆ, ಒಂದೇ ಹೊಳೆ ಮೇಲೆ, ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷ ಕೂಡ ಇಲ್ಲ. ಅಲ್ಲಿಂದ ರೂಟ್ 7ಎ ಹಿಡಿದು ಉತ್ತರಕ್ಕೆ ಆರ್ಲಿಂಗ್ಟನ್, ಅಲ್ಲಿ ಎಡಕ್ಕೆ 313ರಲ್ಲಿ ನಾಲ್ಕೈದು ಮೈಲಿ ಹೋದ್ರೆ 1852ರ ಕೆಂಪು ಸೇತುವೆ, ಆಚೆ ದಡದಲ್ಲಿ ಹುಲ್ಲಿನ ಬಯಲು, ಬಿಳೀ ಚರ್ಚು. ಚಿತ್ರಕಾರ ನಾರ್ಮನ್ ರಾಕ್‌ವೆಲ್ ಇದ್ದ ಮನೆ ಅದರ ಎದುರಿಗೇ ಇದೆ. ಈ ರಸ್ತೆಗಳಲ್ಲಿ ತಿರುವು ಇದಾವೆ ಆದ್ರೆ ಘಾಟಿ ಅಲ್ಲ, ಅಮ್ಮಂಗೆ ಏನೂ ಆಗಲ್ಲ.

ಎರಡನೇ ದಿನ ರೂಟ್ 4ರಲ್ಲಿ ವುಡ್‌ಸ್ಟಾಕ್, ಟಾಫ್ಟ್ಸ್‌ವಿಲ್, ಅಲ್ಲಿಂದ ಕೆಳಗೆ ವಿಂಡ್ಸರ್. ಬೇರೆ ಏನು ಬಿಟ್ರೂ ವಿಂಡ್ಸರ್ ಬಿಡ್ಬೇಡಿ. ಕನೆಕ್ಟಿಕಟ್ ನದಿ ಮೇಲೆ, 1866ರಲ್ಲಿ ಕಟ್ಟಿದ್ದು, ಹತ್ರ ಹತ್ರ 450 ಅಡಿ ಉದ್ದ, ಅದೇ ಜಾಗದಲ್ಲಿ ನಾಲ್ಕನೇ ಸೇತುವೆ ಅದು, ಮುಂಚಿನವು ನೆರೆಗೆ ಹೋದವು. ಕುದುರೆ ನಡೆಸ್ಕೊಂಡು ಹೋಗಿ ಇಲ್ಲಾಂದ್ರೆ ಎರಡು ಡಾಲರ್ ದಂಡ ಅಂತ ಬೋರ್ಡ್ ಈಗ್ಲೂ ಇದೆ. ಇನ್ನೊಂದು ಮಜಾ, ರಾಜ್ಯದ ಗಡಿ ಇರೋದು ನದಿ ನಡುವೆ ಅಲ್ಲ, ವರ್ಮಾಂಟ್ ಕಡೆ ದಡದಲ್ಲಿ. ಹಾಗಾಗಿ ವರ್ಮಾಂಟಿಂದ ಸೇತುವೆ ಒಳಗೆ ಕಾಲಿಟ್ರೆ ಆಗ್ಲೇ ನ್ಯೂ ಹ್ಯಾಂಪ್‌ಶೈರ್. ರಿಪೇರಿ ಖರ್ಚೂ ಅವ್ರದ್ದೇ, ವರ್ಮಾಂಟಿಗೆ ನೋಡೋ ಭಾಗ್ಯ.

ಮೂರನೇ ದಿನ ಐ-91ರಲ್ಲಿ ದಕ್ಷಿಣಕ್ಕೆ, ದಾರೀಲಿ ಬಾರ್ಟನ್ಸ್‌ವಿಲ್, ಆಮೇಲೆ ವೆಸ್ಟ್ ಡಮ್ಮರ್‌ಸ್ಟನ್, ಸಂಜೆ ಹೊತ್ತಿಗೆ ಮನೆ. ಮಿನಿವ್ಯಾನ್ ಆರಾಮಾಗಿ ಹೋಗುತ್ತೆ.

ರಾಗಿಮುದ್ದೆ_77

ಕೊಲಂಬಸ್ ಡೇ ಲಾಂಗ್ ವೀಕೆಂಡ್ ಆದ್ರೆ ಮಾತ್ರ ಹೋಗ್ಬೇಡಿ ಗುರೂ. ವುಡ್‌ಸ್ಟಾಕಲ್ಲಿ ಕಾರ್ ನಿಲ್ಸೋಕೆ ಜಾಗ ಹುಡುಕೋದ್ರಲ್ಲಿ ನಮ್ಗೆ ಮಲ್ಲೇಶ್ವರಂ ಎಂಟನೇ ಕ್ರಾಸ್ ನೆನಪಾಯ್ತು. ಊಟ ಕಟ್ಕೊಂಡೇ ಹೋಗಿ, ಪುಳಿಯೋಗರೆ, ಮೊಸರನ್ನ, ಚಪಾತಿ ಪಲ್ಯ. ಅಲ್ಲಿ ಸಸ್ಯಾಹಾರಿ ಅಂದ್ರೆ ಚೀಸ್ ಸ್ಯಾಂಡ್‌ವಿಚ್ಚು, ನಮ್ಮತ್ತೆ ಎರಡನೇ ದಿನಕ್ಕೆ ಉಪವಾಸ ಶುರು ಮಾಡಿದ್ರು.

ಕ್ಲಿಕ್_ಕಾಕಾ

ತಮ್ಮಾ, ಆಟೋ ಮೋಡ್ ಈ ಸೇತುವೆ ಒಳಗ ಕೈಕೊಡ್ತದ. ಒಳಗ ಕತ್ತಲಿ, ಹೊರಗ ಬೆಳಕು, ಕ್ಯಾಮೆರಾಕ್ಕ ಏನು ಮಾಡ್ಬೇಕು ತಿಳಿಯಂಗಿಲ್ಲ, ಎಲಿ ಎಲ್ಲಾ ಬೆಳ್ಳಗ ಸುಟ್ಟಂಗ ಬರ್ತಾವ. ಎರಡು ದಾರಿ ಅದಾವ. ಒಳಗ ನಿಂತು ಹೊರಗಿನ ಎಲಿ ಮ್ಯಾಲೆ ಫೋಕಸ್ ಮತ್ತ ಎಕ್ಸ್‌ಪೋಶರ್ ಎರಡೂ ಲಾಕ್ ಮಾಡು, ಸೇತುವಿ ಬಾಗಿಲ ಕರಿ ಚೌಕಟ್ಟಿನಂಗ ಆಗ್ತದ, ನಡುವ ಬಣ್ಣ. ಇಲ್ಲಾಂದ್ರ ಟ್ರೈಪಾಡ್ ಇಟ್ಟು ಬೇರೆ ಬೇರೆ ಬೆಳಕಿನಾಗ ಮೂರು ಹೊಡದು ಆಮ್ಯಾಲೆ ಕೂಡಿಸು, ಆದ್ರ ಗಾಡಿ ಓಡಾಡೂ ಸೇತುವಿ ಅದು, ನಡುದಾರ್ಯಾಗ ಟ್ರೈಪಾಡ್ ಇಡಬ್ಯಾಡ, ಹಲಗಿ ಗುಡುಗುಡು ಅಂದ ಕೂಡ್ಲೇ ಬದಿಗೆ ಸರಿ.

ಹೊರಗಿಂದ ಹೊಡೀಬೇಕಂದ್ರ ಬಿಸಿಲಿಗೆ ಕಾಯಬ್ಯಾಡ. ಮೋಡ ಇದ್ದ ದಿನಾನೇ ಎಲಿ ಬಣ್ಣ ಚಲೋ ಬರ್ತದ, ಆಕಾಶ ಮಾತ್ರ ಫ್ರೇಮಿನಾಗ ಕಮ್ಮಿ ತಗೋ. ಮಳಿ ಬಿದ್ದು ನಿಂತಿದ್ರ ಇನ್ನೂ ಚಲೋ. ಒಂದು ಪೋಲರೈಸರ್ ಫಿಲ್ಟರ್ ತಗೊಂಡು ತಿರುವಿಕೋತ ನೋಡು, ಒದ್ದಿ ಎಲಿ ಮ್ಯಾಲಿನ ಹೊಳಪು ಹೋಗಿ ಬಣ್ಣ ಎದ್ದು ಬರ್ತದ. ವಿಂಡ್ಸರ್ ಸೇತುವಿ ನ್ಯೂ ಹ್ಯಾಂಪ್‌ಶೈರ್ ದಂಡಿಯಿಂದ ಹೊಡಿ, ಹಿಂದ ಅಸ್ಕಟ್ನಿ ಗುಡ್ಡ ಕೂಡ್ತದ. ಮುಂಜಾನೆ ಏಳಕ್ಕ ಅಲ್ಲಿ ಇರು, ನದಿ ಮ್ಯಾಲೆ ಮಂಜು ಇರ್ತದ, ಮಂದಿ ಇರಂಗಿಲ್ಲ.

ಇನ್ನೊಂದು ಮಾತು. ವುಡ್‌ಸ್ಟಾಕ್ ಬಾಜೂಕ ಪಾಮ್‌ಫ್ರೆಟ್‌ನಾಗ ಒಂದು ಹೊಲದ ಮನಿ ಅದ, ಇನ್‌ಸ್ಟಾಗ್ರಾಮಿನಾಗ ಭಾಳ ಹೆಸರು ಮಾಡ್ಯದ. ಮಂದಿ ಅವರ ಅಂಗಳದಾಗೇ ಹೋಗಿ ಬಟ್ಟಿ ಬದಲಿಸಿ ಫೋಟೋ ತಗೊಳಾಕ ಹತ್ತಿ 2023ರಿಂದ ಸೀಸನ್ನಿನಾಗ ಹೊರಗಿನ ಗಾಡಿಗೆ ಆ ರಸ್ತಾ ಬಂದ್ ಮಾಡ್ಯಾರ. ಮಾಡಿದ್ದು ಬರೋಬ್ಬರಿ ಅಂತೀನಿ ನಾ. ಸೇತುವಿ ಕೆಳಗಿನ ದಂಡಿನೂ ಎಷ್ಟೋ ಕಡೆ ಯಾರದೋ ಸ್ವಂತ ಜಾಗ, ಬೋರ್ಡ್ ನೋಡಿ ಇಳಿ.

ಸೈಕಲ್_ಶಂಭು

ಮಿನಿವ್ಯಾನ್ ಹಿಡಿಯುತ್ತೆ ಆದ್ರೆ ಮೇಲೆ ಏನಾದ್ರೂ ಕಟ್ಟಿದ್ರೆ ನೆನಪಿರ್ಲಿ. ನಾನು ಕಾರಿನ ಟಾಪಲ್ಲಿ ಎರಡು ಸೈಕಲ್ ನಿಲ್ಲಿಸಿ ಕಟ್ಟಿದ್ದೆ, ಸೇತುವೆ ಮುಂದೆ ಎಂಟೂವರೆ ಅಡಿ ಅಂತ ದೊಡ್ಡದಾಗೇ ಬರೆದಿದ್ರು, ಹೆಂಡ್ತಿ "ಎಷ್ಟು ಚೆನ್ನಾಗಿದೆ ಅಲ್ವಾ" ಅಂತಿದ್ದಾಳೆ, ನಾನು ಹೂಂ ಅಂತ ಒಳಗೆ ಬಿಟ್ಟೆ, ಲಟಕ್ ಅಂತ ಶಬ್ದ. ಸೇತುವೆಗೆ ಒಂದು ಗೀರು, ನನ್ನ ಸೈಕಲ್ ಹ್ಯಾಂಡಲ್ ಎರಡು ಪೀಸು. ತಪ್ಪು ನಂದೇ. ಊರಿನ ಆಫೀಸಿಗೆ ಹೋಗಿ ಹೇಳಿ ಬಂದೆ. ಲಿಂಡನ್ ಊರಲ್ಲಿ ಮಿಲ್ಲರ್ಸ್ ರನ್ ಅಂತ ಒಂದು ಸೇತುವೆ ಇದೆ, ಅದಕ್ಕಂತೂ ಜಿಪಿಎಸ್ ನಂಬ್ಕೊಂಡು ಬರೋ ಬಾಡಿಗೆ ಟ್ರಕ್‌ಗಳು ಗುದ್ದಿ ಗುದ್ದಿ ಸಾಕಾಗಿದೆ.

ಫಿಲ್ಲಿ_ಗೌಡ

ಎಲ್ರೂ ವರ್ಮಾಂಟ್ ವರ್ಮಾಂಟ್ ಅಂತೀರಲ್ಲ, ಎಡಿಸನ್ನಿಂದ ಎರಡು ಗಂಟೆ ದೂರದಲ್ಲಿ ಲ್ಯಾಂಕಾಸ್ಟರ್ ಇದೆ ಕಣ್ರಪ್ಪ. ದೇಶದಲ್ಲೇ ಜಾಸ್ತಿ ಇಂಥ ಸೇತುವೆ ಇರೋದು ನಮ್ಮ ಪೆನ್ಸಿಲ್ವೇನಿಯಾದಲ್ಲಿ, ಅದರಲ್ಲಿ ಲ್ಯಾಂಕಾಸ್ಟರ್ ಕೌಂಟಿ ಒಂದರಲ್ಲೇ ಇಪ್ಪತ್ತೈದರ ಮೇಲಿವೆ. ಜೋಳದ ಹೊಲ, ಆಮಿಶ್ ಜನರ (ಹಳೇ ಕಾಲದ ಹಾಗೇ ಬದುಕೋ ಒಂದು ಕ್ರೈಸ್ತ ಪಂಗಡ) ಕುದುರೆ ಗಾಡಿ ಸೇತುವೆ ಒಳಗೆ ಟಕಟಕ ಅಂತ ಹೋಗೋದು, ನಿಮ್ಮ ಅಪ್ಪಂಗೆ ಅದು ಹಿಡಿಸುತ್ತೆ. ಅವ್ರ ಮುಖದ ಫೋಟೋ ಮಾತ್ರ ತೆಗೀಬೇಡಿ, ಅವ್ರಿಗೆ ಅದು ಧರ್ಮದ ವಿಷಯ. ಒಂದೇ ದಿನದ ಕೆಲಸ, ಹೋಟೆಲ್ ಖರ್ಚೂ ಇಲ್ಲ.

ಬಾಸ್ಟನ್_ಭಟ್ರು

ಗೌಡ್ರೇ ಒಪ್ಪಿದೆ, ಆದ್ರೆ ಒಂದು ವಿಷಯ. ಲ್ಯಾಂಕಾಸ್ಟರಲ್ಲಿ ಜಾಸ್ತಿ ಇರೋದು ಬರ್ ಅನ್ನೋನ ವಿಧಾನ, ಪಕ್ಕದಲ್ಲಿ ದೊಡ್ಡ ಮರದ ಕಮಾನು ಇರುತ್ತೆ. ವರ್ಮಾಂಟಲ್ಲಿ ಜಾಸ್ತಿ ಇಥೀಲ್ ಟೌನ್ 1820ರಲ್ಲಿ ಪೇಟೆಂಟ್ ತಗೊಂಡ ಜಾಲರಿ. ಸಾಮಿಲ್ಲಿನವ್ರಿಗೆ ಜಾಲರಿ ತೋರಿಸ್ಬೇಕು. ದೊಡ್ಡ ತೊಲೆ ಬೇಡ, ಪಳಗಿದ ಬಡಗಿ ಬೇಡ, ಸಾಮಿಲ್ಲಲ್ಲಿ ಒಂದೇ ಅಳತೆ ಹಲಗೆ ಕೊಯ್ಸಿ, ಅಡ್ಡಡ್ಡ ಓರೆಯಾಗಿ ಹೆಣೆದು, ಕೂಡೋ ಕಡೆ ತೂತು ಹಾಕಿ ಮರದ ಗೂಟ ಹೊಡೆಯೋದು. ಅಷ್ಟೇ. ನಾಲ್ಕು ಜನ ರೈತರು ಸೇರಿದ್ರೆ ಆಯ್ತು. ಮೈಲಿಗಟ್ಟಲೆ ಕಟ್ಟಿಟ್ಟು ಗಜದ ಲೆಕ್ಕದಲ್ಲಿ ಕತ್ತರಿಸಿ ಮಾರಬಹುದು ಅಂತ ಆಗಿನ ಕಾಲದ ಜೋಕು.

ತೀರ್ಥಳ್ಳಿ_ಹುಡ್ಗ

ಹೋಗಿ ಬಂದ್ವಿ! ಎಲ್ರಿಗೂ ಥ್ಯಾಂಕ್ಸ್. ಗೌಡ್ರೇ ಕ್ಷಮಿಸಿ, ವರ್ಮಾಂಟಿಗೇ ಹೋದ್ವಿ.

ಬೆನ್ನಿಂಗ್ಟನ್ ಸಿಲ್ಕ್ ರೋಡ್ ಸೇತುವೆ. ನಾನು ಹೊಳೆ ದಡಕ್ಕಿಳಿದು ಕಲ್ಲಿಂದ ಕಲ್ಲಿಗೆ ಹಾರ್ಕೊಂಡು, ಕೆಂಪು ಗೋಡೆ, ಹಳದಿ ಎಲೆ, ನೀರಲ್ಲಿ ನೆರಳು ಎಲ್ಲಾ ಬರೋ ಹಾಗೆ ಹೊಡೀತಿದೀನಿ, ಮೇಲೆ ನೋಡಿದ್ರೆ ಅಪ್ಪ ಇಲ್ಲ. ಅಮ್ಮ ಕಾರಲ್ಲಿ ಕೋಡುಬಳೆ ತಿಂತಿದಾರೆ. ಹೋಗಿ ನೋಡ್ತೀನಿ, ಅಪ್ಪ ಸೇತುವೆ ಒಳಗೆ ಮೊಬೈಲ್ ಟಾರ್ಚ್ ಹಾಕ್ಕೊಂಡು ಹಲಗೆ ಕೂಡಿರೋ ಜಾಗಕ್ಕೆ ಮೂಗು ತಾಗೋಷ್ಟು ಹತ್ರ ನಿಂತಿದಾರೆ. ಉಗುರಲ್ಲಿ ಒತ್ತಿ ನೋಡಿದ್ರು, ಅಂಗೈಯಲ್ಲಿ ತಟ್ಟಿದ್ರು, ಶಬ್ದ ಕೇಳಿದ್ರು. "ಹೊರಗೆ ಏನು ಹೊಡೀತಿದ್ಯಾ? ಸಂಕ ಇರೋದು ಇಲ್ಲಿ. ಹೊರಗಿರೋದು ಅದರ ಕಂಬಳಿಕೊಪ್ಪೆ" ಅಂದ್ರು. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಗೆ ಹೋಗೋವಾಗ ತಲೆ ಮೇಲಿಂದ ಹಾಕ್ಕೊಳ್ಳೋದು ಅದು. ನಾನು ಮುಂದಿನ ಎರಡು ದಿನ ಜಾಸ್ತಿ ಒಳಗಿಂದಾನೇ ತೆಗ್ದೆ. ಕಾಕಾ, ಎಕ್ಸ್‌ಪೋಶರ್ ಲಾಕ್ ಕೆಲಸ ಮಾಡ್ತು, ಆದ್ರೆ ನಂಗೆ ಹಿಡಿಸಿದ ಫೋಟೋ ಅದಲ್ಲ. ಒಂದು ಕಡೆ ಪಕ್ಕದ ಹಲಗೆ ಪೂರ್ತಿ ಮೇಲಿನತನಕ ಹೊಡೆದಿರ್ಲಿಲ್ಲ, ಒಂಬತ್ತು ಗಂಟೆ ಬಿಸಿಲು ಜಾಲರಿ ಸಂದಿಯಿಂದ ಇಳಿದು ನೆಲದ ಮೇಲೆ ಸಾಲಾಗಿ ಚೌಕ ಚೌಕ ಬಿದ್ದಿತ್ತು, ಅಡಿಕೆ ಚಪ್ಪರದ ಅಡಿ ಬೀಳೋ ಹಾಗೆ. ಅದು.

ವಿಂಡ್ಸರಲ್ಲಿ ಏಳಕ್ಕೆ ಹೋಗೋಕೆ ಆಗ್ಲಿಲ್ಲ, ಅಮ್ಮನ ಸ್ನಾನ, ಅಪ್ಪನ ಸಂಧ್ಯಾವಂದನೆ, ಎಂಟೂಕಾಲು ಆಯ್ತು, ಮಂಜು ಆಗ್ಲೇ ಎದ್ದು ಹೋಗಿತ್ತು. ದಂಡದ ಬೋರ್ಡ್ ಅರ್ಥ ಹೇಳಿದ್ದಕ್ಕೆ ಅಪ್ಪ "ಸರಿ ಇದೆ, ಎಲ್ಲಾ ಒಟ್ಟಿಗೆ ದಡದಡ ಓಡಿದ್ರೆ ಗೂಟ ಸಡಿಲ ಆಗುತ್ತೆ" ಅಂದ್ರು. ಸೇತುವೆ ದಾಟೋವಾಗ ಅಮ್ಮ ಕಣ್ಣು ಮುಚ್ಕೊಂಡು ಏನೋ ಶ್ಲೋಕ ಹೇಳ್ತಿದ್ರು.

ಬಾರ್ಟನ್ಸ್‌ವಿಲ್ ಮರೆಯೋ ಹಾಗಿಲ್ಲ. ಅದು 1870ರ ಸೇತುವೆ, 2011ರ ಆಗಸ್ಟಲ್ಲಿ ಐರೀನ್ ಚಂಡಮಾರುತದ ನೆರೆಗೆ ಪೂರ್ತಿ ಕುಸಿದು ಹೊಳೇಲಿ ಹೋಯ್ತು, ಊರಿನವ್ರು ದಡದಲ್ಲಿ ನಿಂತು ನೋಡ್ತಿರೋ ವಿಡಿಯೋ ಇದೆ. ಕಾರಲ್ಲೇ ಅಪ್ಪಂಗೆ ತೋರಿಸ್ದೆ. ನೋಡಿ ಸುಮ್ನಾದ್ರು. 2019ರ ಮಳೇಲಿ ನಮ್ಮ ಕೇರಿ ಹಿಂದಿನ ಕಾಲುಸಂಕ ಹೋಗಿದ್ದು ನೆನಪಾಗಿರ್ಬೇಕು, ನಾನು ಕೇಳ್ಲಿಲ್ಲ. ಈಗಿರೋ ಸೇತುವೆ 2013ರಲ್ಲಿ ತೆರೆದಿದ್ದು, ಕಾಂಕ್ರೀಟ್ ಹಾಕ್ದೆ ಮತ್ತೆ ಅದೇ ಟೌನ್ ಜಾಲರೀನೇ ಕಟ್ಟಿದಾರೆ. ಹೊಸ ಮರ ಇನ್ನೂ ಪೂರ್ತಿ ಕಪ್ಪಾಗಿಲ್ಲ. ಅಪ್ಪ ಅದರೊಳಗೆ ಆ ತುದಿಯಿಂದ ಈ ತುದೀಗೆ ಮೂರು ಸಲ ನಡೆದ್ರು, ಒಂದು ಸಲ ಗೂಟ ಎಣಿಸ್ಕೊಂಡು. ಎಷ್ಟು ಅಂತ ಕೇಳಿದ್ರೆ ಮಧ್ಯದಲ್ಲಿ ಒಂದು ಕಾರ್ ಬಂತು, ಲೆಕ್ಕ ತಪ್ಪಿತು ಅಂದ್ರು.

ಗೂಟದ ಕ್ಲೋಸಪ್ ಒಂದನ್ನ ಊರಿನ ಆಚಾರ್ರಿಗೆ ವಾಟ್ಸಾಪ್ ಮಾಡ್ಸಿದ್ರು. ಅಲ್ಲಿ ರಾತ್ರಿ ಹನ್ನೊಂದೂವರೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು, ಹೆಂಗಿದೀರಿ, ಯಾವಾಗ ಬರ್ತೀರಿ ಏನೂ ಇಲ್ಲ, "ಹಲಗೆ ಮೆತ್ತನೆ ಮರ ಕಾಣ್ಸುತ್ತೆ. ಗೂಟ ಯಾವ್ ಮರದ್ದು ಅಯ್ಯಾ?" ಭಟ್ರೇ, ಗೊತ್ತಾ ನಿಮ್ಗೆ? ಅಪ್ಪ ಬೆಳಿಗ್ಗೆಯಿಂದ ಕೇಳ್ತಿದಾರೆ.

ಬಾಸ್ಟನ್_ಭಟ್ರು

ಓಕ್. ಹಲಗೆಗೆ ಸ್ಪ್ರೂಸೋ ಪೈನೋ ಹಾಕ್ತಾರೆ, ಗೂಟ ಮಾತ್ರ ಓಕೇ.

ತೀರ್ಥಳ್ಳಿ_ಹುಡ್ಗ

ಕಳಿಸ್ದೆ. ಆಚಾರ್ರು: "ಹ್ಞಾಂ. ಮತ್ತೆ!"